ಕಪ್ಪೆ ಮಾಸ್ತರ ಸೈಕಲ್ಲು

ಅವರಿಗೆ ಸೈಕಲ್ ಹೊಡೆಯಲು ಬರುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಅವರು ಹೋದ ಮೇಲೆ ಸವಣೂರಿನಲ್ಲಿ ಅವರ ಬಗ್ಗೆ ಏನೇನೋ ಕಟ್ಟಿ ಹೇಳುವವರು ಹುಟ್ಟಿಕೊಂಡಿದ್ದಾರೆ. ದೊಡ್ಡ ವಿಜ್ಞಾನಿ ಅನ್ನುವವರಿದ್ದಾರೆ, ಸತ್ತ ಕಾಲಿಗೆ ಜೀವ ತುಂಬಿದರು ಅನ್ನುವವರೂ ಇದ್ದಾರೆ. ಆ ಕಾಲುಗಳು ನನ್ನವು. ಅವು ಇವತ್ತಿಗೂ ನಡೆಯುವುದಿಲ್ಲ. ನಡೆಸುತ್ತೇನೆ ಎಂದು ಅವರು ಒಂದು ದಿನವೂ ಹೇಳಿರಲಿಲ್ಲ.

ಹೈಸ್ಕೂಲಿನಲ್ಲಿ ನಮಗೆ ವಿಜ್ಞಾನ ಕಲಿಸಿದವರು ಅವರು. ಊರೆಲ್ಲ ಕಪ್ಪೆ ಮಾಸ್ತರು ಎಂದೇ ಕರೆಯುತ್ತಿತ್ತು. ವರ್ಷಕ್ಕೊಮ್ಮೆ, ಮಳೆ ಹಿಡಿದ ಮೇಲೆ, ಕೆರೆಯಿಂದ ಕಪ್ಪೆ ತರಿಸಿ, ಸತ್ತ ಕಪ್ಪೆಯ ತೊಡೆಗೆ ತಂತಿ ಮುಟ್ಟಿಸಿ ಅದು ಕಾಲು ಝಾಡಿಸುವುದನ್ನು ತೋರಿಸುತ್ತಿದ್ದರು. ಮೂಲ ಹಿರೇಕೆರೂರ ಕಡೆಯ ವೈಷ್ಣವ ಮನೆತನ. ಅಜ್ಜ ಮುತ್ತಜ್ಜರೆಲ್ಲ ಸಂಸ್ಕೃತ ಪಾಠ ಹೇಳಿದವರು. ಕೊರಳಲ್ಲಿ ತುಳಸಿ ಮಣಿ, ಹಣೆಯ ಮೇಲೆ ಗೋಪೀಚಂದನ, ಕೈಯಲ್ಲಿ ಕಪ್ಪೆ. ಪಾಠ ಮುಗಿದ ಕೂಡಲೇ ಮನೆಗೆ ಓಡಿ ಮೈಮೇಲೆ ತಣ್ಣೀರು ಸುರಿದುಕೊಂಡು ಬಂದು ಮುಂದಿನ ತರಗತಿಗೆ ಹೋಗುತ್ತಿದ್ದರು. ಹಿಂದಿನ ಬೆಂಚಿನ ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಒಮ್ಮೆ ನಾನೇ ಎದ್ದು ನಿಂತು ಕೇಳಿದೆ: "ಸರ್ರ, ವಿಜ್ಞಾನಕ್ಕ ಮೈಲಿಗಿ ಇರ್ತೈತೇನ್ರಿ?"

"ವಿಜ್ಞಾನಕ್ಕ ಇಲ್ಲೋ ಮೌಲಾ, ನನಗ ಅದ," ಅಂದರು. "ಕೂಡು."

ಹತ್ತನೆಯ ತರಗತಿ ಹೇಗೋ ದಾಟಿ ನಾನು ವಿದ್ಯುತ್ ಇಲಾಖೆಯಲ್ಲಿ ಲೈನಮನ್ ಆದೆ. ಹಾನಗಲ್ಲ ಕಡೆ ಎರಡು ವರ್ಷ, ಆಮೇಲೆ ಶಿಗ್ಗಾಂವಿ. ಇಪ್ಪತ್ತಾರನೆಯ ವಯಸ್ಸಿನಲ್ಲಿ ದುಂಡಸಿಯ ಹತ್ತಿರ ಒಂದು ಕಂಬದ ಮೇಲಿಂದ ಬಿದ್ದೆ. ತಪ್ಪು ನನ್ನದೇ. ಸೊಂಟದ ಬೆಲ್ಟು ಕೆಳಗೆ ಚೀಲದಲ್ಲಿತ್ತು, ಐದು ನಿಮಿಷದ ಕೆಲಸಕ್ಕೆ ಅದನ್ನು ಯಾರು ಕಟ್ಟುತ್ತಾರೆ ಎಂದು ಹತ್ತಿದ್ದೆ. ಸಣ್ಣದೊಂದು ಝಟಕಾ ಹೊಡೆಯಿತು, ಕೈ ಬಿಟ್ಟಿತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮೂರು ತಿಂಗಳು ಮಲಗಿ ಮನೆಗೆ ಬಂದಾಗ ಹೊಕ್ಕಳಿಂದ ಕೆಳಗೆ ನನ್ನದು ಅನ್ನುವುದು ಏನೂ ಉಳಿದಿರಲಿಲ್ಲ. ಬೆನ್ನುಹುರಿ ಹರಿದಿತ್ತು.

ಇಲಾಖೆಯ ಸಾಹೇಬರು ಒಳ್ಳೆಯವರು. ಮನೆಗೇ ಬಂದು ಹೇಳಿದರು. ಕುರ್ಚಿಯ ಮೇಲೆ ಒಂದು ಪಾಳಿ ಕೂಡುವ ಹಾಗಾದರೆ ಕರೆಂಟ್ ಸ್ಟೇಶನ್ನಿನಲ್ಲಿ ಕೂತು ಮಾಡುವ ಕೆಲಸ ಕೊಡಬಹುದು, ಬೇಸಿಗೆ ಮುಗಿಯುವುದರೊಳಗೆ ಡಾಕ್ಟರು ನೋಡುತ್ತಾರೆ, ಆಗದಿದ್ದರೆ ಹೆಸರು ತೆಗೆಯಬೇಕಾಗುತ್ತದೆ. ಕೂಡುವುದು, ಅಷ್ಟೇ. ಅದೇ ನನ್ನಿಂದ ಆಗುತ್ತಿರಲಿಲ್ಲ. ತೊಡೆ ಕುಂಡೆಯ ಮಾಂಸವೆಲ್ಲ ಇಳಿದು ಎಲುಬಿನ ಮೇಲೆ ಬರೀ ತೊಗಲು ಉಳಿದಿತ್ತು. ಹತ್ತು ನಿಮಿಷ ಕೂತರೆ ತೊಗಲು ಕೆಂಪಾಗಿ, ಎರಡು ದಿನಕ್ಕೆ ಒಡೆದು ಹುಣ್ಣಾಗುತ್ತಿತ್ತು. ಒಂದು ಹುಣ್ಣು ಮಾಯುವುದಕ್ಕೆ ಎರಡು ತಿಂಗಳು.

ಮಾಸ್ತರು ನನ್ನನ್ನು ನೋಡಲು ಬಂದದ್ದು ಆಗ. ನನ್ನ ಹೆಂಡತಿ ಜೈಬು ಚಾದರ ಸರಿಮಾಡಲು ಎಳೆದಾಗ ನನ್ನ ಬಲಗಾಲು ತಾನಾಗಿ ಝಾಡಿಸಿತು. ಅದು ಆಗಾಗ ಹಾಗೆ ಮಾಡುತ್ತಿತ್ತು. ಅವಳು ನಾಚಿಕೊಂಡು ಮತ್ತೆ ಮುಚ್ಚಿದಳು.

"ತಂಗಿ, ಇನ್ನೊಮ್ಮೆ ಎಳಿ," ಅಂದರು ಮಾಸ್ತರು. ಅವಳು ಎಳೆದಳು, ಕಾಲು ಹಾರಿತು. ಅವರು ಕುರ್ಚಿಯಿಂದ ಎದ್ದೇಬಿಟ್ಟರು. "ಇದು ಸತ್ತಿಲ್ಲೋ. ಮ್ಯಾಲಿನ ಹುಕುಂ ಇದಕ್ಕ ಮುಟ್ಟವಲ್ದು, ಅಷ್ಟ. ಹೊರಗಿಂದ ಹುಕುಂ ಕೊಟ್ರ ಕೇಳತದ."

"ಕಪ್ಪಿಗೆ ಕೊಟ್ಟಂಗೇನ್ರಿ?"

"ಹೂಂ. ಕಪ್ಪಿಗೆ ಕೊಟ್ಟಂಗ." ಅವರು ನಗಲಿಲ್ಲ. ಧಾರವಾಡದ ಒಂದು ಗ್ರಂಥಾಲಯದಲ್ಲಿ ಪರದೇಶದ ಪತ್ರಿಕೆಯೊಂದನ್ನು ಓದಿದ್ದರಂತೆ. ನನ್ನಂಥವರ ತೊಡೆಗೆ ಅಷ್ಟಷ್ಟೇ ಕರೆಂಟು ಕೊಟ್ಟು, ಕಾಲಿನಿಂದ ಸೈಕಲ್ ತುಳಿಸಿ, ಮಾಂಸ ಬೆಳೆಸುತ್ತಾರಂತೆ ಅಲ್ಲಿ.

"ಕರೆಂಟಿನ ಹೆಸರ ತಗೀಬ್ಯಾಡ್ರಿ ಸರ್ರ," ಅಂದೆ. ಸಿಟ್ಟು ಬಂದಿತ್ತು. ಹೆದರಿಕೆಯೂ ಇತ್ತು, ಅದನ್ನು ಯಾಕೆ ಮುಚ್ಚಿಡಲಿ.

ಅವರು ಮತ್ತೆ ಕೂತರು. "ನೋಡು ಮೌಲಾ, ನಡಸ್ತೇನಿ ಅಂತ ನಾ ಹೇಳಂಗಿಲ್ಲ. ಕೂಡಸಲಿಕ್ಕೆ ನೋಡ್ತೇನಿ. ಅದೂ ಖಾತ್ರಿ ಇಲ್ಲ. ಮೊದಲ ನನಗ ಹಚ್ಚಿಕೋತೇನಿ, ಆಮ್ಯಾಲೆ ನಿನಗ."

ಈ ಮಾತನ್ನು ಅವರು ಅಕ್ಷರಶಃ ಪಾಲಿಸಿದರು. ಶಾಲೆಯಲ್ಲಿ ಪ್ರಯೋಗಕ್ಕಿದ್ದ, ತಂತಿ ಸುತ್ತಿದ ಹಳೆಯ ಕಾಯಿಲನ್ನು ಹೆಡ್‌ಮಾಸ್ತರರಿಂದ ಕೇಳಿ ಪಡೆದು, ಒಂದು ಪೆಟ್ಟಿಗೆಯಲ್ಲಿ ಕೂಡಿಸಿ, ಬ್ಯಾಟರಿ ಜೋಡಿಸಿದರು. ಕಾಯಿಲನ್ನು ಒಂದು ಕಟ್ಟಿಗೆಯ ಪಟ್ಟಿಯ ಮೇಲೆ ಹಿಂದೆ ಮುಂದೆ ಸರಿಸಿದರೆ ಕರೆಂಟು ಇಳಿಯುವುದು, ಏರುವುದು. ದಿನಾ ಬೆಳಿಗ್ಗೆ ಸ್ನಾನ ಮಾಡಿ, ಮಡಿಯ ಪಂಚೆಯಲ್ಲೇ ಕೂತು, ಉಪ್ಪುನೀರಿನ ಬಟ್ಟೆ ಸುತ್ತಿದ ಹಿತ್ತಾಳೆಯ ಬಿಲ್ಲೆಗಳನ್ನು ತಮ್ಮ ತೊಡೆಗೆ ಕಟ್ಟಿಕೊಂಡು ಕರೆಂಟು ಏರಿಸುತ್ತಿದ್ದರು. ತಮಗೆ ಎಲ್ಲಿಯ ತನಕ ತಾಳಿಕೆಯಾಯಿತೋ ಅಲ್ಲಿ, ಹಣೆಗೆ ಹಚ್ಚಿ ಉಳಿದ ಗೋಪೀಚಂದನದಿಂದ ಪಟ್ಟಿಯ ಮೇಲೆ ಒಂದು ಗೆರೆ. ಪೂಜೆ, ಊಟ ಮುಗಿಸಿ, ಕೋಟು ಹಾಕಿಕೊಂಡು, ಶಾಲೆಗೆ ಹೋಗುವ ದಾರಿಯಲ್ಲಿ ಪೆಟ್ಟಿಗೆ ಹಿಡಿದು ನಮ್ಮ ಮನೆಗೆ ಬರುತ್ತಿದ್ದರು. ಗೆರೆ ದಾಟಿ ಒಂದು ಕೂದಲಿನಷ್ಟೂ ಏರಿಸುತ್ತಿರಲಿಲ್ಲ.

ಮೊದಲ ದಿನ ನನ್ನ ಮೊಣಕಾಲು ಮೆಲ್ಲಗೆ ನೆಟ್ಟಗಾದದ್ದನ್ನು ನಾನು ಕಣ್ಣಿನಿಂದ ನೋಡಿದೆ. ನನಗೆ ಏನೂ ತಿಳಿಯಲಿಲ್ಲ, ಬೇರೆಯವರ ಕಾಲು ನೋಡಿದ ಹಾಗೆ. ಆದರೂ ಅತ್ತುಬಿಟ್ಟೆ. ಜೈಬು ಓಣಿಗೆಲ್ಲ ಹೇಳಲು ಬಾಗಿಲಿಗೆ ಓಡಿದಳು.

"ತಂಗಿ, ಒಳಗ ಬಾ," ಅಂದರು ಮಾಸ್ತರು ಗಡಸಾಗಿ. "ಕಾಲ ಬಂತು ಅಂತ ಹೇಳಬ್ಯಾಡ. ಬಂದಿಲ್ಲ."

ಸೈಕಲ್ಲು ತಯಾರಾದದ್ದು ಬಸ್ ಸ್ಟ್ಯಾಂಡಿನ ಹತ್ತಿರ ನನ್ನ ಚಾಚಾನ ಸೈಕಲ್ ಅಂಗಡಿಯಲ್ಲಿ. ಮುಂದಿನ ಗಾಲಿ ಕಳಚಿ, ಹಿಂದಿನ ಗಾಲಿ ನೆಲ ಮುಟ್ಟದಂತೆ ಕಟ್ಟಿಗೆಯ ಚೌಕಟ್ಟಿಗೆ ಬಿಗಿದರು. ಪೆಡಲಿನ ಅಚ್ಚಿಗೆ ಒಂದು ಕಟ್ಟಿಗೆಯ ಚಕ್ರ, ಅದರ ಮೇಲೆ ಹಿತ್ತಾಳೆಯ ಪಟ್ಟಿ. ತಿರುಗಿದಂತೆ ಒಮ್ಮೆ ಬಲತೊಡೆಗೆ, ಒಮ್ಮೆ ಎಡತೊಡೆಗೆ ಕರೆಂಟು ಹೋಗಬೇಕು. ಪೆಡಲ್ ಎಲ್ಲಿದ್ದಾಗ ತೊಡೆ ಬಲ ಹಾಕುತ್ತದೆ ಎಂಬುದು ಸೈಕಲ್ ಬಾರದ ಮಾಸ್ತರಿಗೆ ಹೇಗೆ ಗೊತ್ತಾಗಬೇಕು? ಚಾಚಾನನ್ನು ಸೀಟಿನ ಮೇಲೆ ಕೂಡಿಸಿ ಮೆಲ್ಲಗೆ ತುಳಿಸುತ್ತ, ಅವನ ತೊಡೆಯ ಮೇಲೆ ಅಂಗೈ ಇಟ್ಟು, ಇನ್ನೊಂದು ಕೈಯಲ್ಲಿ ಚಕ್ರದ ಮೇಲೆ ಸೀಮೆಸುಣ್ಣದ ಗುರುತು ಮಾಡಿದರು. ಕೋಟು ಹಾಕಿದ ಮಾಸ್ತರು ನಡುಬಜಾರಿನಲ್ಲಿ ಸೈಕಲ್ ಅಂಗಡಿಯ ಮಾಲೀಕನ ತೊಡೆ ಹಿಡಿದು ಕೂತದ್ದನ್ನು ನೋಡಲು ಜನ ಸೇರಿತು.

"ಮಾಸ್ತರ್ರ, ಮಂದಿ ನೋಡಾಕತ್ತಾರ್ರಿ," ಅಂದನಂತೆ ಚಾಚಾ.

"ನೋಡ್ಲಿ. ನೀ ತುಳಿ."

ನಮ್ಮ ಮನೆಯಿಂದ ಹೊರಟ ಮೇಲೆ ಅವರು ತಿರುಗಿ ಮನೆಗೆ ಹೋಗಿ, ಮತ್ತೆ ಸ್ನಾನ ಮಾಡಿಯೇ ಶಾಲೆಗೆ ಹೋಗುತ್ತಾರೆಂಬ ಸುದ್ದಿ ಜೈಬುವಿಗೆ ಯಾರೋ ಹೇಳಿದರು. ಅವಳಿಗೆ ಚುಚ್ಚಿತು. ನೇರವಾಗಿ ಕೇಳಿಯೇ ಬಿಟ್ಟಳು. ಮಾಸ್ತರು ತಲೆ ಎತ್ತದೆ ತಂತಿ ಸುತ್ತುತ್ತ, "ಮಾಡ್ತೇನಿ ತಂಗಿ. ಹಳೇ ರೂಢಿ. ಬಿಡಲಿಕ್ಕೆ ನನಗ ಧೈರ್ಯ ಸಾಲೂದಿಲ್ಲ," ಅಂದರು. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಅವಳಿಗೆ ಸಿಟ್ಟು ಇಳಿಯಲಿಲ್ಲ, ಆದರೆ ಮರುದಿನವೂ ಬಾಗಿಲು ತೆರೆದಳು.

ದಿನಕ್ಕೆ ಹದಿನೈದು ನಿಮಿಷ. ನನ್ನನ್ನು ಮಂಚದ ಮೇಲೆ ದಿಂಬಿಗೆ ಒರಗಿಸಿ, ಕಾಲ ಬುಡಕ್ಕೆ ಸೈಕಲ್ಲು ಇಟ್ಟು, ಪಾದಗಳನ್ನು ಬಟ್ಟೆಯಿಂದ ಪೆಡಲಿಗೆ ಕಟ್ಟಿ, ಮೊದಲ ಎರಡು ಸುತ್ತು ಮಾಸ್ತರು ಕೈಯಿಂದ ತಿರುಗಿಸುವರು. ಆಮೇಲೆ ಕಾಲು ತಾನೇ ಹಿಡಿದುಕೊಳ್ಳುತ್ತಿತ್ತು. ಎರಡು ತಿಂಗಳಿಗೆ ತೊಡೆ ತುಂಬತೊಡಗಿತು. ಜೈಬು ವಾರಕ್ಕೊಮ್ಮೆ ದಾರದಿಂದ ಸುತ್ತಳತೆ ತೆಗೆದು ಗಂಟು ಹಾಕುತ್ತಿದ್ದಳು. ಒಂದು ತಾಸು ಕೂತರೂ ತೊಗಲು ಕೆಂಪಾಗದ ದಿನ ಬಂತು, ಆಮೇಲೆ ಎರಡು ತಾಸು. ಅಲ್ಲಿಗೆ ನಿಂತಿತು. ಬೇಸಿಗೆ ಬಲಿಯಿತು, ಮನೆಯ ತಗಡು ಕಾಯುತ್ತಿತ್ತು, ಗಾಲಿ ಐದಾರು ನಿಮಿಷ ಚೆನ್ನಾಗಿ ತಿರುಗಿ ಆಮೇಲೆ ಸೋತು ಸೋತು ನಿಲ್ಲುತ್ತಿತ್ತು. ಡಾಕ್ಟರು ನೋಡುವ ದಿನಕ್ಕೆ ಐದು ವಾರ ಉಳಿದಿತ್ತು.

ಆ ದಿನ ಬೆಳಿಗ್ಗೆ ಗಾಲಿ ನಿಂತಾಗ ನಾನು ತಾಳ್ಮೆ ಕಳೆದುಕೊಂಡೆ. "ಏರಸ್ರಿ ಸರ್ರ," ಅಂದೆ.

"ಗೆರಿ ದಾಟಂಗಿಲ್ಲ."

"ಆ ಗೆರಿ ನಿಮ್ಮ ತೊಡೀದು. ಪಾಠ ಹೇಳೋ ತೊಡಿ ಅದು. ನಂದು ಕಂಬಾ ಹತ್ತಿದ ತೊಡಿ. ನೌಕರಿ ಹೋದ್ರ ನಿಮ್ಮದು ಹೋಗಂಗಿಲ್ಲ, ನಂದು ಹೋಗ್ತೈತಿ. ಏರಸ್ರಿ."

ಅವರು ನನ್ನ ಮುಖ ನೋಡಿದರು. ನಲವತ್ತು ಮಂದಿಯ ತರಗತಿಯಲ್ಲಿ ಯಾರಿಗೂ ಬಗ್ಗದ ಮನುಷ್ಯ ಆ ದಿನ ಬಗ್ಗಿದರು. ಕಾಯಿಲನ್ನು ಒಂದು ಬೆರಳಿನಷ್ಟು ಒಳಗೆ ಸರಿಸಿದರು. ಗಾಲಿ ಮತ್ತೆ ಓಡಿತು. ನಾನು ಗಟ್ಟಿಯಾಗಿ ನಕ್ಕೆ.

ನಗುತ್ತಿರುವಾಗಲೇ ಜೈಬು ಒಲೆಯ ಮುಂದಿನಿಂದ ಎದ್ದು ಬಂದಳು. "ಏನ ಸುಡಾಕತ್ತೈತಿ?" ಅಂದಳು. ಒಲೆಯ ಮೇಲೆ ಏನೂ ಇರಲಿಲ್ಲ.

ಮಾಸ್ತರು ಬರಿಗೈಯಿಂದ ತಂತಿ ಕಿತ್ತೆಸೆದರು. ಬಲತೊಡೆಯ ಬಿಲ್ಲೆ ತೆಗೆದಾಗ ಅದರ ಕೆಳಗೆ ರೂಪಾಯಿ ನಾಣ್ಯದಗಲ ಚರ್ಮ ಬೆಳ್ಳಗಾಗಿ, ಸುತ್ತ ಕರಕಾಗಿತ್ತು. ನನ್ನದೇ ಮೈ ಸುಡುತ್ತಿತ್ತು, ನನಗೆ ಒಂದಿಷ್ಟೂ ಗೊತ್ತಾಗಿರಲಿಲ್ಲ. ನಾನು ನಗುತ್ತಿದ್ದೆ.

ಜೈಬು ಅವರ ಮೇಲೆ ಹರಿಹಾಯ್ದಳು. "ಕಪ್ಪಿ ಅಂತ ತಿಳಕೊಂಡೀರೇನ್ರಿ ನನ್ನ ಗಂಡನ್ನ? ಸುಟ್ಟರ ಒದರೂದಿಲ್ಲ ಅಂತ ಹಚ್ಚೀರಿ?"

ಒಂದೇ ಮಾತು ಸಾಕಿತ್ತು ನನ್ನಿಂದ. ನಾನೇ ಏರಿಸಲು ಹೇಳಿದೆ ಎಂದರೆ ಆಗುತ್ತಿತ್ತು. ಬಾಯಿ ಬಿಡಲಿಲ್ಲ. ಮಾಸ್ತರೂ ಹೇಳಲಿಲ್ಲ. "ತಪ್ಪಾತು ತಂಗಿ," ಅಂದರು, ಪೆಟ್ಟಿಗೆ ಎತ್ತಿಕೊಂಡು ಹೋದರು.

ಎಂಟು ದಿನ ಬರಲಿಲ್ಲ. ಸೈಕಲ್ಲು ಮಂಚದ ಕೆಳತುದಿಯಲ್ಲಿ ನಿಂತೇ ಇತ್ತು. ಜೈಬು ದಾರ ತೆಗೆದು ಎಡತೊಡೆ ಅಳೆದಳು, ಗಂಟು ಹಿಂದಕ್ಕೆ ಸರಿದಿತ್ತು. ಗಾಯಕ್ಕೆ ಮುಲಾಮು ಹಚ್ಚುತ್ತ ದಿನಾ ಅವರನ್ನು ಬೈಯುತ್ತಿದ್ದಳು, ನಾನು ದಿನಾ ಕೇಳಿಸಿಕೊಳ್ಳುತ್ತಿದ್ದೆ. ನನಗೆ ನನ್ನ ಮೇಲೇ ಹೇಸಿಗೆಯಾಗುತ್ತಿತ್ತು. ಎಂಟನೆಯ ದಿನ ತಡೆಯಲಾಗದೆ ಹೇಳಿಬಿಟ್ಟೆ. ಅವಳು ಮುಲಾಮಿನ ಡಬ್ಬಿಗೆ ಮುಚ್ಚಳ ಹಾಕಿ ನನ್ನನ್ನೇ ನೋಡಿದಳು.

"ಎಂಟು ದಿನ ನನ್ನ ಬಾಯಿಗೆ ಅವರನ್ನ ಕೊಟ್ಟು ಸುಮ್ಮನ ಇದ್ರಲ್ಲ," ಅಂದಳು. ಬುರ್ಖಾ ಹಾಕಿಕೊಂಡು ಹೊರಟೇಬಿಟ್ಟಳು. ಶಾಲೆಯ ಗೇಟಿನ ಹತ್ತಿರ, ಬಿಸಿಲಲ್ಲಿ, ಶಾಲೆ ಬಿಡುವ ತನಕ ನಿಂತಿದ್ದಳಂತೆ. ಅವರಿಗೆ ಏನು ಹೇಳಿದಳೋ ನನಗೆ ಇಂದಿಗೂ ಹೇಳಿಲ್ಲ.

ಮರುದಿನ ಮಾಸ್ತರು ಬಂದರು. ಗೋಡೆಗೆ ಒರಗಿಸಿದ ಸ್ಟೂಲು ತಂದು ಹಾಕಿಕೊಂಡು, ಧೋತರವನ್ನು ಮೊಣಕಾಲಿನ ಮೇಲೆ ಏರಿಸಿ, ಬಿಲ್ಲೆಗಳನ್ನು ತಮ್ಮ ತೊಡೆಗೆ ಕಟ್ಟಿಕೊಂಡರು.

"ಒಂದು ಬೆರಳು ಏರಿಸಿದ್ದಕ್ಕ ಅಷ್ಟು ಸುಡಬಾರದು," ಅಂದರು. "ಮನ್ಯಾಗ ನಾ ಅದಕ್ಕಿಂತ ಹೆಚ್ಚು ಹಚ್ಚಿಕೊಂಡು ನೋಡೇನಿ, ಏನೂ ಆಗಿಲ್ಲ. ಇಲ್ಲಿ ಬ್ಯಾರೆ ಏನೋ ಆಗಲಿಕ್ಕತ್ತದ. ಮೌಲಾ, ಗಡಿಯಾರ ನೋಡ್ಕೋತ ಇರು. ಹದಿನೈದು ನಿಮಿಷ."

ಕಾಯಿಲನ್ನು ಅವತ್ತು ಇದ್ದಲ್ಲಿಗೇ ಸರಿಸಿದರು. ತೊಡೆ ಬಿಗಿಯುವುದು, ಸಡಿಲುವುದು ಕಾಣುತ್ತಿತ್ತು. ಐದು ನಿಮಿಷ ಏನೂ ಆಗಲಿಲ್ಲ. ಏಳನೆಯ ನಿಮಿಷಕ್ಕೆ ಅವರು ಸ್ಟೂಲಿನ ಅಂಚು ಹಿಡಿದುಕೊಂಡರು. ಹಣೆಯ ಬೆವರಿಗೆ ಗೋಪೀಚಂದನ ಕರಗಿ ಹುಬ್ಬಿಗೆ ಇಳಿಯಿತು.

"ತಗೀರಿ ಸರ್ರ," ಅಂದೆ.

"ಎಷ್ಟಾತು?"

"ಒಂಬತ್ತು."

"ಇನ್ನೂ ಆರು ಅದ."

"ಸಾಕ್ರಿ, ನಿಮ್ಮ ಕಾಲಿಗೆ ಬೀಳ್ತೇನಿ."

"ನಿನಗ ಗೊತ್ತಾಗಲಿಲ್ಲಲ್ಲ. ಯಾರಿಗಾದ್ರೂ ಗೊತ್ತಾಗಬೇಕಲ್ಲೋ," ಅಂದರು. ಹಲ್ಲು ಕಚ್ಚಿಕೊಂಡಿದ್ದರಿಂದ ಮಾತು ಸರಿಯಾಗಿ ಹೊರಡುತ್ತಿರಲಿಲ್ಲ. ನಾನು ಮಂಚದ ಮೇಲೆ ಬಿದ್ದವನು, ಎದ್ದು ಹೋಗಿ ಆ ತಂತಿ ಕೀಳುವ ಶಕ್ತಿ ನನಗಿಲ್ಲ. ಹತ್ತಾಯಿತು. ಹನ್ನೊಂದಾಯಿತು. ಜೈಬು ಒಳಗಿನಿಂದ ಬಂದು ಬ್ಯಾಟರಿಯಿಂದ ತಂತಿ ಎಳೆದು ಹಾಕಿದಳು. ಬಿಲ್ಲೆಯ ಬಟ್ಟೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ಇದು ಒಣಗಿ ಹೋಗೇತ್ರಿ," ಅಂದಳು.

ಮಾಸ್ತರು ಬಟ್ಟೆಯನ್ನು ಅಂಗೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು. ಉಪ್ಪು ಬಿಳಿಯಾಗಿ ಹರಳುಗಟ್ಟಿತ್ತು, ಒಂದು ಮೂಲೆಯಲ್ಲಿ ಬಟ್ಟೆ ಸರಿದು ಹಿತ್ತಾಳೆಯ ಅಂಚು ಹೊರಗೆ ಬಂದಿತ್ತು. ಕರೆಂಟೆಲ್ಲ ಆ ಅಂಚಿನಿಂದಲೇ ಇಳಿದಿತ್ತು. ಬಟ್ಟೆ ಹಸಿಯಾಗಿದ್ದರೆ ಅದು ಬಿಲ್ಲೆಯಗಲಕ್ಕೂ ಹರಡಿ ಹೋಗುತ್ತಿತ್ತು.

"ಮನ್ಯಾಗ ನಾ ಒದ್ದಿ ಇರ್ತಿದ್ದೆ," ಅಂದರು. "ಜಳಕಾ ಮಾಡಿ ಒದ್ದಿ ಪಂಚೆ ಉಟ್ಟು ಕೂಡ್ತಿದ್ದೆ. ಬಟ್ಟಿ ಒಣಗೂದು ನನಗ ಹ್ಯಾಂಗ ತಿಳೀಬೇಕು? ಮಡಿ ಮೈಮ್ಯಾಲೆ ಪರೀಕ್ಷಾ ಮಾಡಿ, ಒಣಾ ಮೈಯವಗ ತಂದು ಹಚ್ಚೇನಿ. ಮೂವತ್ತು ವರ್ಷ ವಿಜ್ಞಾನ ಕಲಿಸೇನಿ, ಮೌಲಾ."

ಅವರ ತೊಡೆಯ ಮೇಲೂ ಕೆಂಪಗೆ ಗುಳ್ಳೆ ಎದ್ದಿತ್ತು. ಜೈಬು ನನ್ನ ಮುಲಾಮಿನ ಡಬ್ಬಿಯನ್ನೇ ತಂದು ಅವರ ಮುಂದೆ ಇಟ್ಟಳು. ಅವರು ಬೇಡ ಅನ್ನಲಿಲ್ಲ.

ಉಪಾಯ ಹೇಳಿದ್ದೂ ಅವಳೇ. ತವರಿನವರು ವೀಳ್ಯದೆಲೆಯ ವ್ಯಾಪಾರದವರು. ಸವಣೂರಿನ ಎಲೆ ದೂರದ ಊರಿಗೆ ಹೋಗಿ ಮುಟ್ಟುವ ತನಕ ಹಸಿ ಇರುವಂತೆ ಕಟ್ಟುವುದನ್ನು ಅವಳು ಹುಟ್ಟಿದಾಗಿನಿಂದ ನೋಡಿದವಳು. "ಒದ್ದಿ ಅರಿವಿ ಸುತ್ತಿ, ಮ್ಯಾಲೆ ಬಾಳಿ ಎಲಿ ಸುತ್ತಿ ಕಟ್ರಿ. ಎರಡು ದಿನ ಒಣಗೂದಿಲ್ಲ. ನಿಮಗ ಹದಿನೈದು ನಿಮಿಷ ಬೇಕಲ್ಲ," ಅಂದಳು. ಮಾಸ್ತರು ವಿದ್ಯಾರ್ಥಿಯ ಹಾಗೆ ಕೇಳಿಸಿಕೊಂಡರು. ಬಟ್ಟೆಯನ್ನು ಎರಡು ಪದರು ಮಾಡಿ ಹೊಲಿದದ್ದೂ ಅವಳೇ. ಮರುದಿನದಿಂದ ಮನೆಯ ಪರೀಕ್ಷೆ ನಿಂತಿತು. ಅವರು ಒಣ ಧೋತರದಲ್ಲಿ, ನಮ್ಮ ಸ್ಟೂಲಿನ ಮೇಲೆ ಕೂತು, ನಮ್ಮ ಕಣ್ಣ ಮುಂದೆಯೇ ಮೊದಲು ತಮಗೆ ಹಚ್ಚಿಕೊಂಡು, ಗೆರೆಯನ್ನು ಸೀಮೆಸುಣ್ಣದಿಂದ ಎಳೆಯುತ್ತಿದ್ದರು. ಗಾಯ ಬಿಟ್ಟು ಬಿಲ್ಲೆಯನ್ನು ಮೇಲೆ ಕಟ್ಟಿದೆವು. ಗಾಲಿ ಹದಿನೈದು ನಿಮಿಷವೂ ತಿರುಗಿತು, ಕೂಡುವ ಹೊತ್ತೂ ಎರಡು ತಾಸು ದಾಟಿತು.

ಡಾಕ್ಟರು ನೋಡಿದ್ದು ಶಿಗ್ಗಾಂವಿಯಲ್ಲಿ. ಟೆಂಪೋದಲ್ಲಿ ಮಲಗಿಸಿಕೊಂಡು ಹೋದರು. ಮಾಸ್ತರು ರಜೆ ಹಾಕಿ ಬಂದಿದ್ದರು. ನನ್ನನ್ನು ಒಂದು ಕುರ್ಚಿಯ ಮೇಲೆ ಕೂಡಿಸಿ ಡಾಕ್ಟರು ಹೇಳಿದರು: "ನಾಲ್ಕು ತಾಸು. ಆಮ್ಯಾಲೆ ತೊಗಲು ನೋಡ್ತೇನಿ." ನಾಲ್ಕು ತಾಸು ಕೂಡುವುದು ಕಷ್ಟವಲ್ಲ. ಕೆಳಗೆ ಏನಾಗುತ್ತಿದೆ ಎಂದು ತಿಳಿಯದೆ ಕೂಡುವುದು ಕಷ್ಟ. ಒಡೆಯುತ್ತಿದೆಯೋ, ಹಾಗೇ ಇದೆಯೋ, ನನ್ನ ಮೈ ನನಗೆ ಹೇಳುವುದಿಲ್ಲ. ನಾನು ಬಾಗಿಲ ಕಡೆ ನೋಡುತ್ತಿದ್ದೆ. ಹೊರಗೆ ಬೇವಿನ ಗಿಡದ ಕೆಳಗೆ ಮಾಸ್ತರು ಆ ಕಡೆ ಈ ಕಡೆ ಓಡಾಡುತ್ತಿದ್ದರು. ನಾಲ್ಕು ತಾಸೂ ಅವರು ಕೂಡಲಿಲ್ಲ.

ಡಾಕ್ಟರು ನನ್ನನ್ನು ಹೊರಳಿಸಿ, ಕೆಂಪಾದಲ್ಲಿ ಹೆಬ್ಬೆರಳಿನಿಂದ ಒತ್ತಿ ಬಿಟ್ಟರು. ಒತ್ತಿದಲ್ಲಿ ಬೆಳ್ಳಗಾಗಿ ಮತ್ತೆ ರಕ್ತ ಬಂದು ತುಂಬಿಕೊಂಡಿತು, ಅಂದರೆ ಒಳಗೆ ತೊಗಲು ಕೆಟ್ಟಿಲ್ಲ. ಇನ್ನೊಮ್ಮೆ ಒತ್ತಿದರು. ಕಾಗದಕ್ಕೆ ಸಹಿ ಹಾಕಿದರು. ಜೈಬು ಬಾಗಿಲಲ್ಲೇ ಕುಸಿದು ಕೂತು ಅತ್ತಳು. ಮಾಸ್ತರಿಗೆ ಹೇಳಿದಾಗ ಅವರು ಕೋಟಿನ ಗುಂಡಿ ಹಾಕಿಕೊಳ್ಳುತ್ತ, "ಆತಲ್ಲ. ನಡೀರಿ ಹಂಗಾರ. ನಂದು ಜಳಕಾ ಆಗಬೇಕು, ಹೊತ್ತಾತು," ಅಂದರು. ಜೈಬು ಅಳುತ್ತಲೇ ನಕ್ಕಳು. ಆ ಸಲ ಅವಳಿಗೆ ಚುಚ್ಚಲಿಲ್ಲ ಅನಿಸುತ್ತದೆ. ನನಗಂತೂ ಆ ಮನುಷ್ಯನ ಮೇಲೆ ಪ್ರೀತಿ ಉಕ್ಕಿ ಬಂತು.

ಸ್ಟೇಶನ್ನಿನಲ್ಲಿ ಕೆಲಸ ಸಿಕ್ಕಿತು. ಸ್ವಿಚ್ಚು ಎಳೆಯಲು ಬೇರೆಯವರಿದ್ದರು. ಫೋನು, ಪುಸ್ತಕ, ಬೀಗದ ಕೈ ನನ್ನ ವಶದಲ್ಲಿ. ಲೈನಮನ್ನರು ಕಂಬ ಹತ್ತುವ ಮೊದಲು ನನ್ನಿಂದ ಚೀಟಿ ಬರೆಸಿಕೊಂಡು ಹೋಗಬೇಕು. ಆ ಲೈನು ಬಂದ್ ಮಾಡಿಸಿ ಬೀಗ ಹಾಕಿಸಿದರೆ, ಅವರು ಇಳಿದು ಬಂದು ಚೀಟಿ ಮರಳಿ ಕೊಡುವ ತನಕ ಆ ಬೀಗದ ಕೈ ನನ್ನ ಕೈ ಬಿಡುವ ಹಾಗಿಲ್ಲ. ಬಿಟ್ಟು, ಯಾರಾದರೂ ತಿಳಿಯದೆ ಲೈನು ಚಾಲೂ ಮಾಡಿದರೆ ಕಂಬದ ಮೇಲಿದ್ದವರ ಜೀವ ಹೋಗುತ್ತದೆ. ಮಾಸ್ತರು ನಿವೃತ್ತರಾದರು. ತಿಂಗಳಿಗೊಮ್ಮೆ ಸ್ಟೇಶನ್ನಿಗೆ ಬಂದು, ಬಾಗಿಲಲ್ಲೇ ನಿಂತು ನಾನು ಕೂತದ್ದನ್ನು ನೋಡಿ, ಸೀಮೆಸುಣ್ಣದ ಗೆರೆ ದಾಟುತ್ತೀಯೇನು ಎಂದು ಕೇಳಿ ಹೋಗುವರು. ಮನೆಯಲ್ಲಿ ಸೈಕಲ್ಲು ತುಳಿಯುತ್ತಲೇ ಇದ್ದೆ. ಪೆಟ್ಟಿಗೆ ಈಗ ಜೈಬುವಿನ ಕೈಗೆ ಬಂದಿತ್ತು.

ಮೂರು ವರ್ಷದ ಮೇಲೆ, ಒಂದು ಬೆಳಿಗ್ಗೆ ಹತ್ತು ಗಂಟೆಗೆ ಫೋನು ಬಂತು. ಚಾಚಾ ಮಾತಾಡಿದ. ಮಾಸ್ತರು ಪೂಜೆಗೆ ಕೂತಲ್ಲೇ ಒರಗಿಕೊಂಡು ಹೋಗಿಬಿಟ್ಟರಂತೆ. ಮಗ ಊರಲ್ಲೇ ಇದ್ದಾನೆ, ಮಧ್ಯಾಹ್ನದೊಳಗೆ ಒಯ್ಯುತ್ತಾರೆ, ಟೆಂಪೋ ಕಳಿಸುತ್ತೇನೆ, ತಯಾರಾಗು ಅಂದ. ನಾನು ಪುಸ್ತಕ ನೋಡಿದೆ. ಒಂಬತ್ತಕ್ಕೆ ಹತ್ತಿಮತ್ತೂರಿನ ಲೈನಿಗೆ ಇಬ್ಬರು ಚೀಟಿ ಒಯ್ದಿದ್ದರು. ಹೊಸಬರು. ಕಂಬದ ಮೇಲೆ ಇದ್ದರು. ನನ್ನ ಪಾಳಿ ಬದಲಿಸುವವನು ಬರುವುದು ಸಂಜೆ ನಾಲ್ಕಕ್ಕೆ. ಬೀಗದ ಕೈ ಮೇಜಿನ ಮೇಲಿಟ್ಟು ಹೋಗಬಹುದಿತ್ತು. ಇಂಥ ದಿನ ಯಾರೂ ನನ್ನದು ತಪ್ಪು ಅನ್ನುತ್ತಿರಲಿಲ್ಲ.

ಟೆಂಪೋ ಬ್ಯಾಡ ಅಂದೆ. ಬೀಗದ ಕೈಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡೆ. ಹನ್ನೊಂದಾಯಿತು, ಹನ್ನೆರಡಾಯಿತು. ಒಂದು ಗಂಟೆಗೆ ಅವರನ್ನು ಎತ್ತಿದರೆಂದು ಆಮೇಲೆ ತಿಳಿಯಿತು. ಆ ಹೊತ್ತಿಗೆ ನನಗೆ ಕಣ್ಣೀರಿನಲ್ಲಿ ಪುಸ್ತಕದ ಗೆರೆ ಕಾಣುತ್ತಿರಲಿಲ್ಲ. ಎರಡೂವರೆಗೆ ಆ ಇಬ್ಬರು ಇಳಿದು ಬಂದು ಚೀಟಿ ಕೊಡುವ ತನಕ ನಾನು ಕುರ್ಚಿಯಲ್ಲಿ ಕೂತೇ ಇದ್ದೆ.